ಒಂದೆಲಗ: ಬೆಳೆಯುವ ಬಗೆ, ಬಳಸುವ ಮಿತಿ

(ಚಾತುರ್ಮಾಸ್ಯಕ್ಕೆ ಮುನ್ನ ಮುಂಬಯಿಯ ಶಾಖಾಮಠದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಂದಿನ ನನ್ನ ಮಾತಿನ ವಿಷಯ ಒಂದು ಪುಟ್ಟ ಬಳ್ಳಿ. ಊರಿನಲ್ಲಿ ಬಾವಿಕಟ್ಟೆಯ ಸುತ್ತ, ತೋಟದ ತೋಡಿನ ಅಂಚಿನಲ್ಲಿ, ಯಾರೂ ನೆಡದೆ ತಾನಾಗಿ ಹಬ್ಬುವ ಒಂದೆಲಗ. ತುಳುವಿನಲ್ಲಿ ಇದು ತಿಮರೆ, ತಮಿಳರಿಗೆ ವಲ್ಲಾರೈ, ಆಯುರ್ವೇದದಲ್ಲಿ ಮಂಡೂಕಪರ್ಣಿ. ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಇದರ ನೆನಪು ಉಳಿದಿದೆ, ಬಳ್ಳಿ ಉಳಿದಿಲ್ಲ. ಅದರ ಸ್ಥಾನಕ್ಕೆ ಅಂಗಡಿಯ ಗುಳಿಗೆ, ಪುಡಿಗಳು ಬಂದಿವೆ. ಪರೀಕ್ಷೆ ಸಮೀಪಿಸಿದಾಗ ಮಕ್ಕಳಿಗೆ, ಮರೆವು ಕಾಣಿಸಿಕೊಂಡಾಗ ಹಿರಿಯರಿಗೆ ಅವುಗಳನ್ನು ಕೊಡುವುದುಂಟು. ಆದುದರಿಂದ ಒಂದೆಲಗವನ್ನು ಬೆಳೆಯುವ ಬಗೆಯನ್ನೂ, ಅದರಿಂದ ಏನನ್ನು ನಿರೀಕ್ಷಿಸಬಾರದು ಎಂಬುದನ್ನೂ ಒಟ್ಟಿಗೇ ತಿಳಿಯುವುದು ಅವಶ್ಯ.

ಮೊದಲು ಹೆಸರಿನ ಗೊಂದಲವನ್ನು ಪರಿಹರಿಸಿಕೊಳ್ಳೋಣ. 'ಬ್ರಾಹ್ಮಿ' ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸಸ್ಯಗಳು ವ್ಯವಹಾರದಲ್ಲಿವೆ. ಒಂದೆಲಗದ ಎಲೆ ದುಂಡಗೆ, ಮೂತ್ರಪಿಂಡದ ಆಕಾರದಲ್ಲಿದ್ದು, ಉದ್ದನೆಯ ತೊಟ್ಟಿಗೆ ಒಂದರಂತೆ ಇರುತ್ತದೆ. ಅಂಚು ನಯವಾದ ಹಲ್ಲುಗಳಂತೆ ಕಾಣುತ್ತದೆ. ಇದು ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ್ದು. ಇನ್ನೊಂದು ನೀರುಬ್ರಾಹ್ಮಿ, ಅದರ ಎಲೆಗಳು ಚಿಕ್ಕವು, ದಪ್ಪನಾದವು, ಕಾಂಡದ ಇಕ್ಕೆಲಗಳಲ್ಲಿ ಜೋಡಿಯಾಗಿ ಬರುವಂಥವು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಒಂದು ಮಂಡೂಕಪರ್ಣಿಯ ಸ್ವರಸ. ಉಳಿದವು ಯಷ್ಟಿಮಧು, ಗುಡೂಚಿ ಮತ್ತು ಶಂಖಪುಷ್ಪಿ. ಬಾಟಲಿಯ ಮೇಲೆ 'ಬ್ರಾಹ್ಮಿ' ಎಂದಷ್ಟೇ ಬರೆದಿದ್ದರೆ ಒಳಗಿರುವುದು ಯಾವುದೆಂದು ತಿಳಿಯುವುದಿಲ್ಲ. ಕುಂಡದಲ್ಲಿ ಬೆಳೆದುದಕ್ಕೆ ಆ ಸಂಶಯವಿಲ್ಲ.

ಬೆಳೆಯಲು ನೆಲ ಬೇಡ, ಬಾಲ್ಕನಿಯ ಒಂದು ಮೂಲೆ ಸಾಕು. ಕುಂಡ ಆಳವಾಗಿರುವುದಕ್ಕಿಂತ ಅಗಲವಾಗಿರುವುದು ಮೇಲು, ಏಕೆಂದರೆ ಬಳ್ಳಿ ನೆಲದ ಮೇಲೆ ಹರಿದು ಗಿಣ್ಣುಗಿಣ್ಣಿಗೂ ಬೇರು ಬಿಡುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಗೊಬ್ಬರ, ಒಂದು ಪಾಲು ಮರಳು ಬೆರೆಸಿ, ಬೇರಿರುವ ಗಿಣ್ಣಿನ ತುಂಡುಗಳನ್ನು ನೆಡಬೇಕು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಮಣ್ಣು ಒಣಗಬಾರದು, ಆದರೆ ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು, ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಮರಿ ಮಾಡುತ್ತದೆ. ಚರಂಡಿಯ ಬದಿಯಲ್ಲಿ, ರೈಲುಹಳಿಯ ಪಕ್ಕದಲ್ಲಿ ಬೆಳೆದ ಒಂದೆಲಗವನ್ನು ಎಂದೂ ತರಬಾರದು. ಈ ಸಸ್ಯವು ಕಲುಷಿತ ಮಣ್ಣಿನಿಂದ ಸೀಸದಂತಹ ಲೋಹಗಳನ್ನು ಹೀರಿಕೊಳ್ಳುತ್ತದೆ. ತೊಳೆದರೆ ಮೇಲಿನ ಕೊಳೆ ಹೋದೀತು, ಒಳಗೆ ಸೇರಿದ ಲೋಹ ಹೋಗುವುದಿಲ್ಲ.

ನೆಡಲು ತಕ್ಕ ಕಾಲ ಮಳೆಗಾಲ. ನಮ್ಮ ಚಾತುರ್ಮಾಸ್ಯವೂ ಆಗಲೇ ಆರಂಭ. ಮೊದಲ ತಿಂಗಳು ಶಾಕವ್ರತ, ಸೊಪ್ಪು ತರಕಾರಿಗಳು ವರ್ಜ್ಯ. ಎರಡನೆಯ ತಿಂಗಳು ದಧಿವ್ರತ, ಮೊಸರು ಮಜ್ಜಿಗೆಗಳು ವರ್ಜ್ಯ. ಹೀಗಾಗಿ ಈ ಎರಡು ತಿಂಗಳು ವ್ರತಸ್ಥರ ಮನೆಯಲ್ಲಿ ಒಂದೆಲಗದ ತಂಬುಳಿಯಾಗುವುದಿಲ್ಲ. ಆಷಾಢದಲ್ಲಿ ನೆಟ್ಟರೆ ಬಳ್ಳಿಗೆ ಯಾರ ಕೈಯೂ ತಾಗದೆ ಕುಂಡ ತುಂಬಲು ಅವಕಾಶ ದೊರೆಯುತ್ತದೆ. ಭಾದ್ರಪದದಲ್ಲಿ ಕ್ಷೀರವ್ರತ ಆರಂಭವಾಗುವ ಹೊತ್ತಿಗೆ ಮೊದಲ ಕೊಯ್ಲು ಸಿದ್ಧವಾಗಿರುತ್ತದೆ. ಬಳ್ಳಿಯನ್ನು ಕೀಳದೆ, ಬಲಿತ ಎಲೆಗಳನ್ನು ತೊಟ್ಟು ಸಹಿತ ಚಿವುಟಿಕೊಂಡರೆ ಮತ್ತೆ ಚಿಗುರುತ್ತದೆ.

ತಂಬುಳಿಯ ಕ್ರಮವನ್ನು ಮಾತೆಯರಿಗೆ ಹೇಳಬೇಕಾಗಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಕಿರಿಯರಿಗಾಗಿ ಹೇಳುತ್ತೇನೆ. ನಾಲ್ವರಿಗೆ ಒಂದು ಹಿಡಿ ಎಲೆ ಸಾಕು. ಚೆನ್ನಾಗಿ ತೊಳೆದು, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸುಗಳೊಂದಿಗೆ ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ತೆಂಗಿನತುರಿ ಸೇರಿಸಿ ನುಣ್ಣಗೆ ಅರೆಯಬೇಕು. ಮಜ್ಜಿಗೆ, ಉಪ್ಪು ಬೆರೆಸಿ ಸಾಸಿವೆಯ ಒಗ್ಗರಣೆ ಕೊಟ್ಟರೆ ಆಯಿತು; ಕುದಿಸುವುದಿಲ್ಲ. ಊಟದ ಆರಂಭದಲ್ಲಿ ಬಿಸಿ ಅನ್ನದೊಂದಿಗೆ ಇದು ನಾಲಗೆಗೂ ಹೊಟ್ಟೆಗೂ ಹಿತ. ವಾರಕ್ಕೆ ಒಂದೆರಡು ಸಲ, ಆಹಾರವಾಗಿ, ಇತರ ಸೊಪ್ಪುಗಳ ಜೊತೆಯಲ್ಲಿ ಒಂದಾಗಿ ಬಳಸುವುದು ಹಿರಿಯರಿಂದ ಬಂದ ರೂಢಿ. ಈ ಮಿತಿಯಲ್ಲಿಯೇ ವಿವೇಕವಿದೆ.

ಇನ್ನು ನಿರೀಕ್ಷೆಯ ಮಾತು. ಒಂದೆಲಗದ ಬಗ್ಗೆ ಜನರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು 2017ರಲ್ಲಿ ಪ್ರಕಟವಾಯಿತು. ಸ್ಮರಣಶಕ್ತಿ, ಬುದ್ಧಿಶಕ್ತಿಗಳು ಹೆಚ್ಚುವುದಕ್ಕೆ ಅದರಲ್ಲಿ ಸ್ಪಷ್ಟ ಆಧಾರ ದೊರೆಯಲಿಲ್ಲ. ಮನಸ್ಸಿನ ಎಚ್ಚರ ಸ್ವಲ್ಪ ಹೆಚ್ಚಬಹುದೆಂಬ ಸೂಚನೆಯಷ್ಟೇ ಕಂಡಿತು. 2005ರಲ್ಲಿ ಪ್ರಕಟವಾದ ವೈದ್ಯಕೀಯ ವರದಿಯೊಂದು, ಒಂದೆಲಗದ ಗುಳಿಗೆಗಳನ್ನು 20ರಿಂದ 60 ದಿನ ಸೇವಿಸಿದ ಮೂವರು ಮಹಿಳೆಯರಲ್ಲಿ ಯಕೃತ್ತಿಗೆ ತೊಂದರೆಯಾದುದನ್ನು ದಾಖಲಿಸಿದೆ. ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ಇಂತಹವು ವಿರಳ, ತಂಬುಳಿಗೆ ಹೆದರಬೇಕಾಗಿಲ್ಲ. ಆದರೆ ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ನಿದ್ರೆಯ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಗುಳಿಗೆ, ಸಾರಗಳನ್ನು ತೆಗೆದುಕೊಳ್ಳಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ನಮ್ಮ ಮನೆಯ ಹಿರಿಯರದು. ನಾವು ಶಾಕಾಹಾರಿಗಳು. ಬಿ12 ಎಂಬ ಜೀವಸತ್ವವು ಸೊಪ್ಪು, ಕಾಳು, ಧಾನ್ಯಗಳಲ್ಲಿ ಇಲ್ಲ. ನಮಗೆ ಅದು ಮುಖ್ಯವಾಗಿ ಹಾಲು, ಮೊಸರುಗಳಿಂದಲೇ ಬರಬೇಕು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಇನ್ನಷ್ಟು ಕಡಿಮೆಯಾಗಬಹುದು. ಅದರ ಕೊರತೆಯಿಂದ ಆಯಾಸ, ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಉಂಟಾಗುತ್ತವೆ. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಮರೆವು ಬರುತ್ತದೆ. ಇವೆರಡನ್ನೂ ಸಾಮಾನ್ಯ ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದು, ಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ಬಿ12ರ ಕೊರತೆ ಬಹುಕಾಲ ಉಳಿದರೆ ನರಗಳಿಗಾದ ಹಾನಿ ಶಾಶ್ವತವಾಗಬಹುದು. 'ವಯಸ್ಸಾಯಿತು, ಬ್ರಾಹ್ಮಿ ಕೊಡುತ್ತಿದ್ದೇವೆ' ಎಂದು ಒಂದು ವರ್ಷ ಕಳೆದರೆ ಆ ವರ್ಷ ತಿರುಗಿ ಬಾರದು. ಒಂದೆಲಗದಲ್ಲಿ ಬಿ12 ಇಲ್ಲ. ಹೇಳಿದ್ದನ್ನೇ ಹೇಳುವ, ಪರಿಚಿತ ದಾರಿ ತಪ್ಪುವ, ನಿತ್ಯ ಮಾಡುತ್ತಿದ್ದ ಪೂಜೆಯ ಕ್ರಮ ಮರೆಯುವ ಹಿರಿಯರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ತಂಬುಳಿ ಊಟದ ಎಲೆಯಲ್ಲಿರಲಿ, ಚಿಕಿತ್ಸೆಯ ಸ್ಥಾನದಲ್ಲಿ ಬೇಡ.

ಹಾಗಾದರೆ ಬೆಳೆಯುವುದೇಕೆ ಎಂದು ಕೇಳಬಹುದು. ಶುದ್ಧವೆಂದು ನಾವೇ ಬಲ್ಲ ಒಂದು ಸೊಪ್ಪು ದೊರೆಯುತ್ತದೆ. ಮನೆಯ ಹಿರಿಯರಿಗೆ ಪ್ರತಿದಿನ ನೀರೆರೆಯುವ, ಎಲೆ ಕೊಯ್ಯುವ ಒಂದು ಕೆಲಸ ದೊರೆಯುತ್ತದೆ. ಮೊಮ್ಮಕ್ಕಳು ಅವರ ಪಕ್ಕದಲ್ಲಿ ನಿಂತು ಹೆಸರು, ಗುರುತು, ಅಡುಗೆಗಳನ್ನು ಕಲಿಯುತ್ತಾರೆ. ಈಗಾಗಲೇ ಬಳ್ಳಿ ಇರುವ ಮನೆಯವರು ಈ ಆಷಾಢದಲ್ಲಿ ಬೇರುಸಹಿತ ನಾಲ್ಕು ತುಂಡುಗಳನ್ನು ನೆರೆಮನೆಗೆ ಕೊಟ್ಟರೆ, ಮುಂದಿನ ವರ್ಷ ಅಲ್ಲಿಂದ ಇನ್ನೊಂದು ಮನೆಗೆ ಅದು ಹೋದೀತು.

॥ ಶ್ರೀಕೃಷ್ಣಾರ್ಪಣಮಸ್ತು ॥