ಜೆಲ್ಲೂ ಇರಲಿ, ಉಗುರೂ ಇರಲಿ

ನಾನು ನಾಗಪುರದಿಂದ ಮಾತಾಡ್ತಿದೀನಿ. ಊರು ಧಾರವಾಡ. ನಮ್ಮ ಮನೆಯವರಿಗೆ ಮಿಹಾನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು ಅಂತ ಇಲ್ಲಿಗೆ ಬಂದ್ವಿ. ನಾನು ಉಗುರಿನ ಕೆಲಸ ಕಲಿತು, ವರ್ಧಾ ರಸ್ತೆ ಕಡೆ ಒಂದು ಸಣ್ಣ ನೇಲ್ ಸ್ಟುಡಿಯೋ ಇಟ್ಕೊಂಡಿದೀನಿ. ನನ್ನ ಹತ್ರ ಬರೋರಲ್ಲಿ ನಮ್ಮ ಕನ್ನಡದ ಹುಡುಗಿಯರೇ ಬಹಳ. ಹೆಚ್ಚಿನವರು ಕೇಳೋ ಪ್ರಶ್ನೆ ಒಂದೇ: "ಅಕ್ಕಾ, ಜೆಲ್ ಹಾಕಿದ್ರೆ ಉಗುರು ಹಾಳಾಗತ್ತಾ?"

ನನ್ನ ಉತ್ತರ ಇಷ್ಟು. ಜೆಲ್ ಹಾಕಿದ್ದರಿಂದ ಹಾಳಾದ ಉಗುರು ನಾನು ನೋಡಿದ್ದು ಕಡಿಮೆ. ಅವಸರದಲ್ಲಿ ಕಿತ್ತು ಹಾಳಾದ ಉಗುರು ದಿನಾ ನೋಡ್ತೀನಿ. ಇದರ ಜೊತೆ ಇನ್ನೊಂದು ಅಪಾಯ ಇದೆ, ಅದು ಉಗುರಿನದ್ದಲ್ಲ, ಚರ್ಮದ್ದು. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಉಗುರು ಅಂದ್ರೆ ಏನು ಅಂತ ನೋಡೋಣ. ಆಷಾಢದಲ್ಲಿ ಗೋರಂಟಿ ಹಚ್ಕೊಂಡೋರಿಗೆಲ್ಲಾ ಇದು ಗೊತ್ತಿರೋ ವಿಷಯ. ಹಚ್ಚಿದ ಹದಿನೈದು ದಿನಕ್ಕೆ ಬುಡದಲ್ಲಿ ಬೆಳ್ಳಗೆ ಒಂದು ಗೀಟು ಕಾಣತ್ತೆ. ಗಣಪತಿ ಹಬ್ಬದ ಹೊತ್ತಿಗೆ ಕೆಂಪು ಅರ್ಧಕ್ಕೆ ಸರಿದಿರತ್ತೆ, ದೀಪಾವಳಿಗೆ ತುದಿಯಲ್ಲಿ ಮಾತ್ರ ಉಳಿದಿರತ್ತೆ. ಕೈ ಉಗುರು ಬೆಳೆಯೋದು ತಿಂಗಳಿಗೆ ಸುಮಾರು 3 ಮಿಲಿಮೀಟರ್. ಅಂದ್ರೆ ಇವತ್ತು ಒಂದು ಪದರ ಕಿತ್ತುಬಂದ್ರೆ, ಆ ಜಾಗ ಪೂರ್ತಿ ಹೊಸದಾಗೋಕೆ ನಾಲ್ಕರಿಂದ ಆರು ತಿಂಗಳು ಬೇಕು. ಕಾಲಿನ ಉಗುರಿಗಾದ್ರೆ ಒಂದು ವರ್ಷ, ಒಂದೂವರೆ ವರ್ಷ.

ಕಣ್ಣಿಗೆ ಕಾಣೋ ಉಗುರು ಜೀವ ಇಲ್ಲದ ಕೆರಾಟಿನ್. ತೆಳು ತೆಳು ಪದರಗಳು ಒಂದರ ಮೇಲೊಂದು ಕೂತಿರತ್ತೆ. ಜೀವ ಇರೋದು ಬುಡದಲ್ಲಿ, ಚರ್ಮದ ಕೆಳಗೆ. ಹಾಗಾಗಿ "ಉಗುರಿಗೆ ಉಸಿರಾಡೋಕೆ ಬಿಡಿ" ಅನ್ನೋ ಮಾತಿಗೆ ಅರ್ಥ ಇಲ್ಲ. ಬುಡಕ್ಕೆ ಬೇಕಾದ ಆಮ್ಲಜನಕ ರಕ್ತದಿಂದ ಬರತ್ತೆ. ಆದ್ರೂ ನಡುವೆ ಎರಡು ಮೂರು ವಾರ ಬಣ್ಣ ಇಲ್ಲದೆ ಬಿಡಿ ಅಂತ ನಾನು ಹೇಳ್ತೀನಿ. ಯಾಕಂದ್ರೆ ಆವಾಗ ಮಾತ್ರ ಉಗುರು ಹೇಗಿದೆ ಅಂತ ಕಣ್ಣಾರೆ ನೋಡೋಕಾಗತ್ತೆ.

ಈಗ ತೆಗೆಯೋ ವಿಷಯ. ಹದಿನೈದು ದಿನ ಆದ್ಮೇಲೆ ಜೆಲ್ ಅಂಚು ಏಳತ್ತೆ. ಆಫೀಸ್ ಕಾಲ್ ನಡೀತಿರತ್ತೆ, ಕ್ಯಾಮೆರಾ ಆಫ್, ಕೈ ಸುಮ್ನಿರಲ್ಲ. ಸಂತ್ರದ ಸಿಪ್ಪೆ ಸುಲಿದ ಹಾಗೆ ಸುಲಿದುಬಿಡ್ತೀವಿ. ಹಣ್ಣಿಗೆ ಸಿಪ್ಪೆ ಬೇಕಾಗಿಲ್ಲ, ಸರಿ. ಆದ್ರೆ ಜೆಲ್ ಜೊತೆ ಎದ್ದು ಬರೋದು ನಿಮ್ಮ ಉಗುರಿನದೇ ಮೇಲಿನ ಪದರ. ಅಲ್ಲಿ ಬಿಳಿ ಮಚ್ಚೆ, ಒರಟು, ನೀರು ತಾಗಿದ್ರೆ ಜುಮ್ ಅನ್ನೋದು ಎಲ್ಲಾ ಶುರುವಾಗತ್ತೆ. "ಜೆಲ್ ನನಗೆ ಆಗಿಬರಲ್ಲ" ಅಂತ ಬರೋರಲ್ಲಿ ಹೆಚ್ಚಿನವರ ಕತೆ ಇದೇ.

ಸರಿಯಾದ ದಾರಿ ಹೀಗಿದೆ. ಮೇಲಿನ ಹೊಳಪಿನ ಕೋಟ್ ಮಾತ್ರ ಫೈಲ್‌ನಿಂದ ಮೆಲ್ಲಗೆ ಉಜ್ಜಬೇಕು, ಬಣ್ಣ ಕಂಡ ಕೂಡ್ಲೆ ನಿಲ್ಲಿಸಬೇಕು. ಸುತ್ತಲಿನ ಚರ್ಮಕ್ಕೆ ಸ್ವಲ್ಪ ವ್ಯಾಸ್ಲೀನ್. ಹತ್ತಿ ತುಂಡನ್ನ ಅಸಿಟೋನ್‌ನಲ್ಲಿ ಅದ್ದಿ ಉಗುರಿನ ಮೇಲಿಟ್ಟು, ಫಾಯಿಲ್ ಸುತ್ತಿ, ಹತ್ತರಿಂದ ಹದಿನೈದು ನಿಮಿಷ ಕೂರಬೇಕು. ಜೆಲ್ ಉಬ್ಬಿ ಮೆತ್ತಗಾದ್ಮೇಲೆ ಮರದ ಕಡ್ಡಿಯಿಂದ ತಳ್ಳಿದ್ರೆ ತಾನೇ ಬರತ್ತೆ. ಬರದಿದ್ರೆ ಇನ್ನೈದು ನಿಮಿಷ ಸುತ್ತಿಡಿ, ಕೆರೆಯಬೇಡಿ. ನಮ್ಮ ನಾಗಪುರದ ಮೇ ತಿಂಗಳು ನಿಮಗೆ ಗೊತ್ತಲ್ಲ, 45 ಡಿಗ್ರಿ. ಅಸಿಟೋನ್ ಕ್ಷಣದಲ್ಲಿ ಆರಿಹೋಗತ್ತೆ, ಅದಕ್ಕೇ ಫಾಯಿಲ್ ಬಿಗಿಯಾಗಿರಬೇಕು. ಬೆಂಕಿನೂ ಬೇಗ ಹಿಡಿಯತ್ತೆ. ಗ್ಯಾಸ್ ಒಲೆ, ದೇವರ ದೀಪದ ಹತ್ರ ಈ ಕೆಲಸ ಬೇಡವೇ ಬೇಡ.

"ನಾಳೆ ಊರಿಗೆ ರೈಲಿದೆ, ಬೇಗ ತೆಗೆದು ಹೊಸದು ಹಾಕಿ" ಅಂತ ಬಂದ್ರೆ, ಪಾರ್ಲರ್‌ನವರು ಡ್ರಿಲ್ ಹಿಡಿದು ಐದು ನಿಮಿಷದಲ್ಲಿ ಮುಗಿಸ್ತಾರೆ. ಕೈ ಪಳಗಿದವರಾದ್ರೆ ಸರಿ, ಇಲ್ಲಾಂದ್ರೆ ಉಗುರೇ ಸವೀತದೆ. ಉಗುರು ತೆಳುವಾದ್ಮೇಲೆ ಲ್ಯಾಂಪ್ ಒಳಗೆ ಕೈ ಇಟ್ರೆ ಚುರ್ ಅಂತ ಸುಡತ್ತೆ. ಜೆಲ್ ಗಟ್ಟಿಯಾಗುವಾಗ ಶಾಖ ಹುಟ್ಟತ್ತೆ, ತೆಳು ಉಗುರು ಅದನ್ನ ತಡೆಯಲ್ಲ. ಸುಟ್ರೆ ಸಹಿಸ್ಕೊಂಡು ಕೂರಬೇಡಿ, ಕೈ ಹೊರಗೆ ತೆಗೀರಿ. ತೆಳು ಕೋಟ್ ಹಾಕಿಸ್ಕೊಂಡ್ರೆ ಈ ಶಾಖ ಕಡಿಮೆ.

ಈಗ ಚರ್ಮದ ಅಪಾಯಕ್ಕೆ ಬರೋಣ. ಬಾಟಲಿಯಲ್ಲಿರೋ ಜೆಲ್‌ನಲ್ಲಿ ಮೆಥಾಕ್ರಿಲೇಟ್ ಅನ್ನೋ ರಾಸಾಯನಿಕಗಳು ಇರತ್ತೆ. ಅದರಲ್ಲಿ ಹೆಸರುವಾಸಿ ಅಂದ್ರೆ ಹೀಮಾ. ಲ್ಯಾಂಪ್ ಬೆಳಕಿನಲ್ಲಿ ಪೂರ್ತಿ ಗಟ್ಟಿಯಾದ್ರೆ ತೊಂದರೆ ಕಡಿಮೆ. ಹಸಿ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದ್ರೆ ಅಲರ್ಜಿ ಹುಟ್ಟಬಹುದು. ಒಂದು ಸಲ ಹುಟ್ಟಿದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರತ್ತೆ.

ನನ್ನ ಹತ್ರ ಬರೋ ಒಬ್ಬ ಹುಡುಗಿ, ಟೆಸ್ಟಿಂಗ್ ಕೆಲಸ, ಆನ್‌ಲೈನ್‌ನಲ್ಲಿ ಕಿಟ್ ತರಿಸಿ ಮನೇಲೇ ಹಾಕ್ಕೋತಿದ್ಲು. ಕೆಲವು ತಿಂಗಳಾದ್ಮೇಲೆ ಕಣ್ಣಿನ ರೆಪ್ಪೆ ಊದಿ ತುರಿಕೆ. ಕಾಡಿಗೆ ಬದಲಾಯಿಸಿದ್ಲು, ಸೋಪು ಬದಲಾಯಿಸಿದ್ಲು. ಉಗುರಿನ ಸುತ್ತ ಚರ್ಮ ಬಿರಿದಾಗ ಚರ್ಮದ ಡಾಕ್ಟರ ಹತ್ರ ಹೋದ್ಲು. ಪ್ಯಾಚ್ ಟೆಸ್ಟ್‌ನಲ್ಲಿ ಮೆಥಾಕ್ರಿಲೇಟ್ ಅಂತ ಬಂತು. ಕೈ ಮುಖಕ್ಕೆ ಹೋಗ್ತಾನೇ ಇರತ್ತಲ್ಲ, ಅದಕ್ಕೇ ರೆಪ್ಪೆಯಲ್ಲಿ ಮೊದಲು ಕಂಡಿತ್ತು. ಈಗ ಅವಳು ಹಲ್ಲಿನ ಡಾಕ್ಟರಿಗೂ ಇದನ್ನ ಹೇಳಬೇಕು, ಯಾಕಂದ್ರೆ ಹಲ್ಲಿಗೆ ತುಂಬೋ ಬಿಳಿ ಫಿಲ್ಲಿಂಗ್‌ನಲ್ಲೂ ಇದೇ ಜಾತಿಯ ವಸ್ತು ಇರತ್ತೆ. ಮೊಣಕಾಲು ಕೀಲು ಬದಲಾಯಿಸುವಾಗ ಬಳಸೋ ಸಿಮೆಂಟ್‌ನಲ್ಲೂ ಅದೇ ಜಾತಿ. ಇಪ್ಪತ್ತಾರು ವಯಸ್ಸಿನ ಒಂದು ಮೆನಿಕ್ಯೂರ್ ಅರವತ್ತರ ಆಪರೇಷನ್‌ವರೆಗೆ ಬರಬಹುದು ಅಂತ ಯಾರು ಅಂದ್ಕೊಂಡಿರ್ತಾರೆ?

ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಈ ಅಲರ್ಜಿ ಬಗ್ಗೆ ಎಚ್ಚರಿಸಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಹೀಮಾ ಇರೋ ಉಗುರಿನ ಜೆಲ್ ವೃತ್ತಿಪರರ ಬಳಕೆಗೆ ಮಾತ್ರ. ಜೆಲ್ ಗಟ್ಟಿಯಾಗಲು ನೆರವಾಗೋ ಟಿಪಿಒ ಅನ್ನೋ ಇನ್ನೊಂದು ವಸ್ತುವನ್ನ ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದಾರೆ. ಹಾಗಾಗಿ ಬಾಟಲಿ ಹಿಂದಿನ ಪಟ್ಟಿ ಓದಿ. ಪಟ್ಟಿಯೇ ಇಲ್ಲದ ಬಾಟಲಿ ಕೊಳ್ಳಬೇಡಿ. ಜೆಲ್ ಕಂಪನಿ ಹೇಳಿದ ಲ್ಯಾಂಪನ್ನೇ, ಹೇಳಿದಷ್ಟು ಹೊತ್ತು ಬಳಸಿ. ಲ್ಯಾಂಪ್ ಹೊಂದದಿದ್ರೆ ಮೇಲೆ ಗಟ್ಟಿ, ಒಳಗೆ ಹಸಿ. ಚರ್ಮಕ್ಕೆ ಬಣ್ಣ ಮೆತ್ತಿದ್ರೆ, ಲ್ಯಾಂಪಿಗೆ ಕೈ ಇಡೋ ಮುಂಚೆ ಒರೆಸಿ ಅಂತ ಗಟ್ಟಿಯಾಗಿ ಹೇಳಿ. ಕಾಸು ಕೊಡೋರು ನೀವು.

ಎಲ್‌ಇಡಿ ಲ್ಯಾಂಪ್‌ನಲ್ಲೂ ಯುವಿಎ ಕಿರಣ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋದವರು 2023ರಲ್ಲಿ ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ 20 ನಿಮಿಷ ಈ ಬೆಳಕು ಬಿಟ್ಟಾಗ, ನೂರರಲ್ಲಿ 20ರಿಂದ 30 ಕೋಶ ಸತ್ತವು. ಅದು ಗಾಜಿನ ತಟ್ಟೆಯ ಕೋಶ, ನಮ್ಮ ಕೈಗೆ ಚರ್ಮದ ಹೊದಿಕೆ ಇದೆ. ಹೆದರಿ ಓಡೋದು ಬೇಡ. ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿ, ಇಲ್ಲಾಂದ್ರೆ ಅರ್ಧ ಗಂಟೆ ಮುಂಚೆ ಸನ್‌ಸ್ಕ್ರೀನ್ ಹಚ್ಚಿ. ಅಷ್ಟು ಸಾಕು.

ದಿನನಿತ್ಯದ ಆರೈಕೆ ಸುಲಭ. ಕ್ಯೂಟಿಕಲ್ ಕತ್ತರಿಸಬೇಡಿ, ಅದು ಬುಡಕ್ಕೆ ಬಾಗಿಲಿದ್ದ ಹಾಗೆ. ರಾತ್ರಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ತಿಕ್ಕಿ. ಪಾತ್ರೆ ತೊಳೆಯುವಾಗ ಗ್ಲೌಸ್. ಟೈಪ್ ಮಾಡೋ ಕೈಗೆ ಗಿಡ್ಡ ಉಗುರೇ ಚಂದ. ಉದ್ದ ಉಗುರು ಕೀಗೆ ತಾಗಿ ತಾಗಿ ಅಡಿಯ ಚರ್ಮದಿಂದ ಮೇಲೇಳಬಹುದು. ಎದ್ದ ಸಂದಿಗೆ ಮಳೆಗಾಲದಲ್ಲಿ ನೀರು ಸೇರಿ ಹಸಿರು ಬಣ್ಣ ಬಂದ್ರೆ ಅದು ಬ್ಯಾಕ್ಟೀರಿಯಾ. ಮೇಲೆ ಜೆಲ್ ಹಾಕಿ ಮುಚ್ಚಬೇಡಿ. ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿಂತಿದ್ರೆ, ಥೈರಾಯ್ಡ್ ಟೆಸ್ಟಿಗೆ ರಕ್ತ ಕೊಡೋ ಮುಂಚೆ ಡಾಕ್ಟರಿಗೆ ಹೇಳಿ. ರಿಪೋರ್ಟ್ ತಪ್ಪು ಬರಬಹುದು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲ ಆಗ್ತಿದ್ರೆ, ನನ್ನ ಹತ್ರ ಬರಬೇಡಿ, ಚರ್ಮದ ಡಾಕ್ಟರ ಹತ್ರ ಹೋಗಿ. ಮಿಹಾನ್‌ನಲ್ಲಿರೋರಿಗೆ ಏಮ್ಸ್ ಪಕ್ಕದಲ್ಲೇ ಇದೆ.

ತೆಗೆಯೋಕೆ ಹದಿನೈದು ನಿಮಿಷ ಇಲ್ಲ ಅನ್ನೋ ವಾರದಲ್ಲಿ ಜೆಲ್ ಹಾಕಿಸ್ಕೋಬೇಡಿ. ನನ್ನ ವ್ಯಾಪಾರಕ್ಕೆ ನಷ್ಟ ಆದ್ರೂ ಪರವಾಗಿಲ್ಲ, ಇದನ್ನ ಹೇಳಿಬಿಡ್ತೀನಿ.