ಗೋದಲಿಯ ಹಸು, ಕೊಟ್ಟಿಗೆಯ ಹಸು

(ಕ್ರಿಸ್‌ಮಸ್ ಹಿಂದಿನ ವಾರ ಕಟ್ಟಾಯದಲ್ಲಿ ಸೇರಿದ್ದ ಬಳಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪರಿಸರದ ಸಭೆಯಲ್ಲಿ ಹಬ್ಬದ ಮಾತೇಕೆ ಎಂದು ತಾವು ಕೇಳಬಹುದು. ನಮ್ಮ ಮನೆಯಲ್ಲಿ ಒಂದು ಹಳೆಯ ಟ್ರಂಕು ಇದೆ. ಡಿಸೆಂಬರ್ ಬಂತೆಂದರೆ ಅದನ್ನು ಅಟ್ಟದಿಂದ ಇಳಿಸುತ್ತೇವೆ. ನನ್ನ ತಾಯಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಮಣ್ಣಿನ ಬೊಂಬೆಗಳು ಅದರೊಳಗಿವೆ: ಮರಿಯಮ್ಮನವರು, ಜೋಸೆಫರು, ಬಾಲಯೇಸು, ಕಿವಿ ಮುಕ್ಕಾದ ಕತ್ತೆ, ಕೋಡು ಮುರಿದ ಹಸು. ಬಿದಿರಿನ ದಬ್ಬೆಯ ನಕ್ಷತ್ರಕ್ಕೆ ವರ್ಷಕ್ಕೊಮ್ಮೆ ಹೊಸ ಕಾಗದ ಅಂಟಿಸುತ್ತೇವೆ. ನಮ್ಮ ಹಬ್ಬದ ಆಸ್ತಿ ಇಷ್ಟೇ.

ಇಂಥ ಪೆಟ್ಟಿಗೆಯ ಬೆಲೆಯನ್ನು ನಮ್ಮ ಸೀಮೆ ಬಲ್ಲದು. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯೊಂದಿತ್ತು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡು ಹಿನ್ನೀರು ಏರಿದಾಗ ಜನ ಊರು ಬಿಟ್ಟರು. ನೀರು ಇಳಿದ ಬೇಸಿಗೆಯಲ್ಲಿ ಅದರ ಅಳಿದುಳಿದ ಗೋಡೆಗಳು ಕಾಣುತ್ತವೆ. ಗೋಡೆಗಳನ್ನು ಯಾರೂ ಹೊತ್ತೊಯ್ಯಲಾರರು. ನೆಲ ಬಿಡುವವರು ಒಯ್ಯಬಲ್ಲದ್ದು ದನಕರುಗಳನ್ನು, ಮತ್ತೊಂದು ಪೆಟ್ಟಿಗೆಯನ್ನು.

ಗೋದಲಿಯ ಮೂಲವೂ ಇದನ್ನೇ ಹೇಳುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ಹಾಸಿ, ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿ ಕ್ರಿಸ್‌ಮಸ್ ಆಚರಿಸಿದರು. ಹಬ್ಬದ ನಡುಮನೆಯೇ ಕೊಟ್ಟಿಗೆ ಎಂದಾಯಿತು.

ಆದರೆ ನಮ್ಮ ಮನೆಯೂ ಒಮ್ಮೆ ತಪ್ಪಿ ನಡೆಯಿತು. ಮಕ್ಕಳು ಕೇಳಿದರೆಂದು ಪೇಟೆಯಿಂದ ಥರ್ಮಾಕೋಲಿನ ಬೆಟ್ಟ, ಮಿರುಗುವ ಎಳೆಗಳು, ತಂತಿಯ ಕೊಕ್ಕೆಗಳುಳ್ಳ ಗುಂಡುಗಳನ್ನು ತಂದೆವು. ಹಬ್ಬ ಮುಗಿದ ಮೇಲೆ ಎಲ್ಲವೂ ತಿಪ್ಪೆ ಸೇರಿದವು. ಕೆಲವು ತಿಂಗಳ ನಂತರ ಹಸು ಮೇವು ಬಿಟ್ಟಿತು, ಎದೆಯ ಕೆಳಭಾಗ ಊದಿಕೊಂಡಿತು, ಕೊನೆಗೆ ಸತ್ತಿತು. ಪಶುವೈದ್ಯರು ಕಾರಣ ತಿಳಿಸಿದರು. ದನ ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ. ಮೇವಿನೊಡನೆ ಒಳಹೋದ ತಂತಿ ಎರಡನೆಯ ಹೊಟ್ಟೆಯಲ್ಲಿ ತಂಗಿ, ಅಲ್ಲಿಂದ ಹೃದಯದ ಕಡೆಗೆ ಚುಚ್ಚುತ್ತದೆ. ಪ್ಲಾಸ್ಟಿಕ್ಕಾದರೋ ಕರಗದೆ ಮೊದಲ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ. ಆ ತಂತಿ ನಮ್ಮ ಹಬ್ಬದ್ದೇ ಎಂದು ಪ್ರಮಾಣ ಮಾಡಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ. ಗೋದಲಿಯಲ್ಲಿ ಹಸುವಿಗೆ ಕೈಮುಗಿದ ನಾವು ಕೊಟ್ಟಿಗೆಯ ಹಸುವನ್ನು ಮರೆತಿದ್ದೆವು.

ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆ. ಕಾನೂನು ಅಂಗಡಿಯ ಬಾಗಿಲವರೆಗೆ ಬಂದೀತು, ನಮ್ಮ ತಿಪ್ಪೆಯವರೆಗೆ ನಾವೇ ಹೋಗಬೇಕು. ಮನೆಯ ನಾಯಿ ಬೆಕ್ಕುಗಳ ವಿಷಯದಲ್ಲಿಯೂ ಹೀಗೆಯೇ. ಒಣದ್ರಾಕ್ಷಿಯ ಕೇಕು ನಾಯಿಯ ಮೂತ್ರಪಿಂಡಕ್ಕೆ ಕೇಡು, ಚಾಕೊಲೇಟೂ ಅದಕ್ಕೆ ವಿಷವೇ. ಮಿರುಗುವ ಎಳೆಯನ್ನು ಬೆಕ್ಕು ಆಟವಾಡುತ್ತಾ ನುಂಗಿದರೆ ಅದು ಕರುಳನ್ನು ಕೊಯ್ಯಬಲ್ಲದು. ಪ್ರೀತಿಯಿಂದ ಕೊಟ್ಟ ತುಣುಕೇ ಮುಳುವಾಗಬಾರದು.

ಈಗ ನಮ್ಮ ಮನೆಯಲ್ಲಿ ಪದ್ಧತಿ ಹೀಗಿದೆ. ಡಿಸೆಂಬರ್ ಎರಡನೆಯ ವಾರ ಮಕ್ಕಳು ತಟ್ಟೆಗಳಲ್ಲಿ ರಾಗಿ ಬಿತ್ತುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಅದು ಗೋದಲಿಯ ಹಸಿರಾಗುತ್ತದೆ. ಗುಡಿಸಲಿಗೆ ಹೊಸ ರಾಗಿಹುಲ್ಲು. ಜನವರಿ 6ರಂದು, ಮೂವರು ರಾಯರ ಹಬ್ಬದ ದಿನ ಗೋದಲಿ ತೆಗೆದಾಗ ಪೈರೂ ಹುಲ್ಲೂ ಕರುವಿನ ಬಾಯಿಗೆ ಹೋಗುತ್ತವೆ, ಬೊಂಬೆಗಳು ಟ್ರಂಕಿಗೆ ಮರಳುತ್ತವೆ. ಎಸೆಯುವಂಥದ್ದೇನೂ ಉಳಿಯುವುದಿಲ್ಲ.

ಗೌರಿ ಗಣೇಶ, ದೀಪಾವಳಿ, ಊರ ಜಾತ್ರೆ, ಯಾವ ಹಬ್ಬಕ್ಕಾದರೂ ಈ ಮಾತು ಸಲ್ಲುತ್ತದೆ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇದು ಮುಂದಿನ ವರ್ಷಕ್ಕೆ ಪೆಟ್ಟಿಗೆ ಸೇರುವುದೋ, ಹಸುವಿನ ಹೊಟ್ಟೆ ಸೇರುವುದೋ? ಎರಡನೆಯದಾದರೆ ಮೇವಾಗಿಯೇ ಸೇರಲಿ.