ಮೇಡಂ ಮೂರು ಅನ್ನುತ್ತಾರೆ, ಪೈಥಾನ್ ಐದು ಅನ್ನುತ್ತದೆ



'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ? ಮೂರು ಎಂದು ನಮ್ಮ ಮೇಡಂ ಮೊದಲ ವರ್ಷವೇ ಹೇಳಿಕೊಟ್ಟಿದ್ದಾರೆ. ಆದರೆ ಪೈಥಾನ್‌ನಲ್ಲಿ ಅದರ ಉದ್ದ ಕೇಳಿದರೆ 5 ಎಂದು ಉತ್ತರ ಬರುತ್ತದೆ. ಯೂನಿಕೋಡ್ ಒತ್ತಕ್ಷರವನ್ನು ಒಂದೇ ಗುರುತಾಗಿ ಇಟ್ಟುಕೊಳ್ಳುವುದಿಲ್ಲ. ಕ, ನ, ಸ್ವರವಿಲ್ಲ ಎಂದು ಹೇಳುವ ಹಲಂತದ ಗುರುತು, ಇನ್ನೊಂದು ನ, ಆಮೇಲೆ ಡ. ನಮ್ಮ ಪಾಡ್‌ಕಾಸ್ಟ್‌ನ ಮೊದಲ ಸಂಚಿಕೆ ಈ ಜಗಳದ ಮೇಲೆಯೇ. ಇಬ್ಬರೂ ಸರಿ ಎಂದು ತೀರ್ಪು ಕೊಟ್ಟೆವು. ಮೇಡಂ ಒಪ್ಪಿದ್ದಾರೆ.

ನಾವು ಆರು ಜನ ವಾರಾಂತ್ಯದಲ್ಲಿ ಸೇರಿ ಕೋಡಿಂಗ್ ಕಲಿಯುತ್ತೇವೆ. ಆ ಗುಂಪಿಗಾಗಿ ಕನ್ನಡದಲ್ಲಿ ಹತ್ತು ನಿಮಿಷದ ಕಾರ್ಯಕ್ರಮ, ಅಷ್ಟೇ. ಶುರು ಮಾಡುವಾಗ ನಾನು ಪೈಥಾನ್ ಕಲಿಯತೊಡಗಿ ನಾಲ್ಕೇ ತಿಂಗಳಾಗಿತ್ತು. "ನಿನಗೇ ಬರದಿದ್ದನ್ನು ಬೇರೆಯವರಿಗೆ ಏನಂತ ಹೇಳ್ತೀಯಾ?" ಎಂದು ಮನೆಗೆ ಬಂದಿದ್ದ ಅಂಕಲ್ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಬಲ್ಲವರಿಗೆ ತಾವು ಮೊದಲು ಎಲ್ಲಿ ಎಡವಿದ್ದೆವು ಎಂಬುದು ಮರೆತುಹೋಗಿರುತ್ತದೆ. ನನಗೆ ಅದು ಹೋದ ವಾರದ ಮಾತು. ಅದಕ್ಕೇ ನಾನು ಪಾಠ ಮಾಡುವುದಿಲ್ಲ. ಬಲ್ಲವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತೇನೆ.

1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರೂ ಎಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಅವರ ಟ್ರಾನ್ಸ್‌ಮಿಟರ್ 30 ವ್ಯಾಟ್‌ನದು. ನಮ್ಮ ಮನೆಯ ಫ್ಯಾನ್‌ಗೂ ಅದಕ್ಕಿಂತ ಹೆಚ್ಚು ಬೇಕು! ಮುಂದೆ ಇಡೀ ದೇಶದ ರೇಡಿಯೋಗೆ ಬಂದ 'ಆಕಾಶವಾಣಿ' ಎಂಬ ಹೆಸರು ಮೊದಲು ಆ ಕೇಂದ್ರದ್ದು.

ನಮ್ಮ ಕೇಂದ್ರ ಇರುವುದು ನೈಫ್‌ನಲ್ಲಿ, ಅಮ್ಮನ ಬೀರುವಿನೊಳಗೆ. ಕೆಳಗಿನ ಬೀದಿಯಲ್ಲಿ ಮೂಟೆ ಹೊತ್ತ ಕೈಗಾಡಿಗಳ ಸದ್ದು, ಹಾರ್ನ್. ಬೀರುವಿನ ಬಾಗಿಲು ತೆರೆದು ಸೀರೆಗಳ ನಡುವೆ ಫೋನ್ ಹಿಡಿದರೆ ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಎಸಿ ಆರಿಸಲೇಬೇಕು. ಜುಲೈನಲ್ಲಿ ಹತ್ತು ನಿಮಿಷ ಎಸಿ ಇಲ್ಲದೆ ಮಾತಾಡಿ ನೋಡಿ, ಉದ್ದುದ್ದ ಮಾತಾಡುವ ಚಟ ತಾನಾಗಿ ಬಿಡುತ್ತದೆ. ಕತ್ತರಿಸಿ ಜೋಡಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ ಇದೆ. ಬರೀ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು. ಹತ್ತು ನಿಮಿಷ 5 ಎಂಬಿಯೊಳಗೆ ಮುಗಿಯುತ್ತದೆ. ಹೊಸ ಸಂಚಿಕೆ ಬಂದಿದೆ ಎಂದು ಕೇಳುಗರ ಆ್ಯಪ್‌ಗೆ ತಿಳಿಸುವುದು ಆರೆಸ್ಸೆಸ್ ಫೀಡ್ ಎಂಬ ಒಂದು ಪಠ್ಯದ ಕಡತ. ಅದನ್ನು ಬರೆದುಕೊಡುವ ಪ್ರೋಗ್ರಾಂ ಮಾಡಿದ್ದೇ ನಮ್ಮ ಗುಂಪಿನ ಮೊದಲ ನಿಜವಾದ ಕೆಲಸ.

ಕಷ್ಟವಾದದ್ದು ಭಾಷೆ. ಲೂಪ್, ವೇರಿಯಬಲ್ ಎಂಬ ಹೆಸರುಗಳನ್ನು ಹಾಗೇ ಇಟ್ಟುಕೊಂಡೆವು. ವಿವರಣೆ ಮಾತ್ರ ಕನ್ನಡದ್ದೇ ಆಗಬೇಕಿತ್ತು. ವೇರಿಯಬಲ್ ಎಂದರೆ ಅಡುಗೆಮನೆಯ ಡಬ್ಬಿ; ಮೇಲಿನ ಚೀಟಿ ಅದೇ, ಒಳಗೆ ನಿನ್ನೆ ರವೆ, ಇವತ್ತು ಅವಲಕ್ಕಿ. ಇದು ಅಮ್ಮ ಕೊಟ್ಟ ಉದಾಹರಣೆ.

ಮನೆಯಲ್ಲಿ ನನ್ನ ಕನ್ನಡ ಊಟ ಆಯ್ತಾ, ಹೋಂವರ್ಕ್ ಆಯ್ತಾ ಎನ್ನುವಷ್ಟೇ ಇತ್ತು. ನಾನು ಓದುವುದೇನು ಎಂದು ಅಪ್ಪನಿಗೆ ಕನ್ನಡದಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ, ಅವರೂ ಕೇಳುತ್ತಿರಲಿಲ್ಲ. ಅಪ್ಪ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಲೂಪ್ ಬಗ್ಗೆ ಇರುವ ಮೂರನೆಯ ಸಂಚಿಕೆ ಕೇಳಿ ಬಂದ ರಾತ್ರಿ, "ಹಾಗಾದರೆ ನಾನು ತಿಂಗಳಾ ತಿಂಗಳಾ ಮಾಡುವ ಸ್ಟಾಕ್ ಲೆಕ್ಕವೂ ಲೂಪೇ ಅಲ್ವೇನೋ?" ಎಂದರು. ಇಬ್ಬರೂ ಹನ್ನೊಂದೂವರೆಯವರೆಗೆ ಕೂತೆವು. ಆ ಪ್ರೋಗ್ರಾಂ ಇನ್ನೂ ಮುಗಿದಿಲ್ಲ. ವಾಪಸ್ ಬಂದ ಮಾಲನ್ನು ಎಲ್ಲಿ ಸೇರಿಸಬೇಕು ಎಂಬ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಿಲ್ಲ.

ಮುಂದಿನ ವಾರದಿಂದ ನನಗೆ ಕನ್ನಡ ತರಗತಿ ಇರುವುದಿಲ್ಲ. ಬೀರು ಮಾತ್ರ ಇರುತ್ತದೆ. ನಾಲ್ಕನೆಯ ಸಂಚಿಕೆ ವಿಂಗಡಿಸುವುದರ ಬಗ್ಗೆ. ಅದಕ್ಕೆ ಗೋದಾಮಿನಲ್ಲಿ ಮಾಲು ಜೋಡಿಸಿ ಗೊತ್ತಿರುವವರು ಒಬ್ಬರು ಬೇಕು. ಕಂಪ್ಯೂಟರ್ ಬರಬೇಕಾಗಿಲ್ಲ. ಇಲ್ಲಿ ಯಾರಾದರೂ ಇದ್ದರೆ ಊಟದ ಹೊತ್ತಿಗೆ ದಯವಿಟ್ಟು ನನ್ನನ್ನು ಕರೆಯಿರಿ. ಹತ್ತು ನಿಮಿಷ ಸಾಕು, ಬೆವರು ಒರೆಸಿಕೊಳ್ಳಲು ಟವೆಲ್ ನಾನೇ ಕೊಡುತ್ತೇನೆ.